ಹಾಸ್ಯ ಧಾರಾವಾಹಿ ಮಾಡುವವರು ಮೊದಲು ಯಾರನ್ನು ಹುಡುಕಬೇಕು

ತುಮಕೂರಿನಲ್ಲಿ ಹಾಸ್ಯ ಧಾರಾವಾಹಿ ಮಾಡುತ್ತೇವೆಂದು ಹೊರಟ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಮೊದಲ ಪ್ರಶ್ನೆ, ಯಾವ ಕ್ಯಾಮೆರಾ ಕೊಳ್ಳಲಿ. ಎರಡನೆಯದು, ಒಂದಷ್ಟು ಪಂಚ್ ಡೈಲಾಗ್ ಬರೆದುಕೊಡುತ್ತೀರಾ. ಎರಡಕ್ಕೂ ನನ್ನ ಉತ್ತರ ಒಂದೇ: ಎದುರಿನವರು ಮಾತನಾಡುವಾಗ ಬಾಯಿ ಮುಚ್ಚಿಕೊಂಡು ಕೇಳಲು ಬರುವ ಇಬ್ಬರು ನಟರನ್ನು ಹುಡುಕಿಕೊಂಡು ಬನ್ನಿ, ಮಿಕ್ಕಿದ್ದು ಆಮೇಲೆ. ಹೆಚ್ಚಿನವರು ಕಾಫಿ ಕುಡಿದು ಹೊರಡುತ್ತಾರೆ. ಮತ್ತೆ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅನುಭವ ಇಷ್ಟು. ಎರಡು ಸಾವಿರದ ದಶಕದಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಮನೆಮನೆಯ ರಾತ್ರಿಯೂಟದ ಹೊತ್ತನ್ನು ಗೆದ್ದ ಮೇಲೆ ಎಲ್ಲ ವಾಹಿನಿಗಳಿಗೂ ಒಂದು ಹಾಸ್ಯ ಧಾರಾವಾಹಿ ಬೇಕಾಯಿತು. ಅಂಥದೊಂದು ತಂಡ ಬೆಂಗಳೂರಿನ ಶೂಟಿಂಗ್ ಮನೆಗಳ ಬಾಡಿಗೆಗೆ ಹೆದರಿ ಎಪ್ಪತ್ತು ಕಿಲೋಮೀಟರ್ ಆಚೆಗೆ, ನಮ್ಮ ಚಿಕ್ಕಪೇಟೆಯ ಒಂದು ವಠಾರಕ್ಕೆ ಬಂದಿಳಿಯಿತು. ಹವ್ಯಾಸಿ ನಾಟಕಗಳಲ್ಲಿ ಸೈಡ್‌ವಿಂಗಿನಲ್ಲಿ ನಿಂತು ಮಾತು ಎತ್ತಿಕೊಡುತ್ತಿದ್ದ ನನ್ನನ್ನು ಊರಿನವಳೆಂಬ ಒಂದೇ ಅರ್ಹತೆಯ ಮೇಲೆ ಸೇರಿಸಿಕೊಂಡರು. ಒಂದು ಶಾಟಿಗೂ ಮುಂದಿನದಕ್ಕೂ ಉಡುಪು, ಸಾಮಾನು ಹೊಂದುವಂತೆ ಗುರುತು ಬರೆದಿಡುವ ಕಂಟಿನ್ಯುಟಿ ಪುಸ್ತಕ ಹಿಡಿದೆ, ಆಮೇಲೆ ಸಹಾಯಕ ನಿರ್ದೇಶಕಿಯಾದೆ, ಸಂಭಾಷಣೆಕಾರರು ನಾಪತ್ತೆಯಾದ ದಿನಗಳಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಸಂಭಾಷಣೆ ಬರೆದೆ, ಕೊನೆಯ ವರ್ಷ ಎಡಿಟರ್ ಪಕ್ಕದ ಕುರ್ಚಿಯಲ್ಲಿ ಕಳೆದೆ. ಆ ಕುರ್ಚಿಯಲ್ಲಿ ಕುಳಿತಾಗಲೇ ನನಗೆ ಕೆಲಸ ಅರ್ಥವಾಗಿದ್ದು. ನಾವು ಕಷ್ಟಪಟ್ಟು ಬರೆದ ಹಾಸ್ಯದ ಮಾತುಗಳಲ್ಲಿ ಅರ್ಧ ಅಲ್ಲಿ ಕತ್ತರಿಗೆ ಹೋಗುತ್ತಿದ್ದವು. ಉಳಿಯುತ್ತಿದ್ದದ್ದು ಆ ಮಾತನ್ನು ಕೇಳಿಸಿಕೊಂಡವರ ಮುಖ.

ಎದುರಿಗೆ ಜನವಿಲ್ಲ ಎಂಬ ತೊಂದರೆ

ನಮ್ಮ ಜಿಲ್ಲೆಗೆ ನಗಿಸುವ ವಿದ್ಯೆ ಹೊಸದಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಇಲ್ಲಿಗೆ ಇಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿ. ತಿಪಟೂರಿನ ನರಸಿಂಹರಾಜು ರಂಗಭೂಮಿಯಲ್ಲಿ ಪಳಗಿ 1954ರಲ್ಲಿ ಸಿನಿಮಾಕ್ಕೆ ಹೋದವರು. ನಮ್ಮ ಧಾರಾವಾಹಿಯಲ್ಲಿ ವಠಾರದ ಯಜಮಾನನ ಪಾತ್ರ ಮಾಡಿದ ಹಿರಿಯರೂ ಕಂಪನಿ ನಾಟಕದವರು. ನಾವೆಲ್ಲ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದೆವು. ಶೂಟಿಂಗ್ ಶುರುವಾದ ಹೊಸದರಲ್ಲಿ ಮೇಷ್ಟ್ರು ಪ್ರತಿ ಹಾಸ್ಯದ ಮಾತು ಮುಗಿದ ಮೇಲೂ ಒಂದು ಕ್ಷಣ ನಿಲ್ಲುತ್ತಿದ್ದರು. ಯಾಕೆಂದು ಕೇಳಿದರೆ, ‘ಜನ ನಕ್ಕು ಮುಗಿಸಲಿ ಎಂದು ಕಾಯುತ್ತಿದ್ದೇನೆ’ ಎಂದರು. ಎದುರಿಗೆ ಇದ್ದದ್ದು ಲೈಟ್ ಹುಡುಗ ಮತ್ತು ಮಡಚಿಟ್ಟ ಚಾಪೆ.

ನಾಟಕದಲ್ಲಿ ಆ ನಿಲುಗಡೆಯನ್ನು ಪ್ರೇಕ್ಷಕರ ನಗು ತುಂಬುತ್ತದೆ. ಟಿ.ವಿ.ಯಲ್ಲಿ ಅದನ್ನು ತುಂಬುವವರು ಯಾರು? ಅಮೆರಿಕದವರು ಇದಕ್ಕೆ ಎರಡು ಉತ್ತರ ಕಂಡುಕೊಂಡರು. 1951ರಲ್ಲಿ ‘ಐ ಲವ್ ಲೂಸಿ’ ಎಂಬ ಹಾಸ್ಯ ಧಾರಾವಾಹಿಯ ತಂಡ ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನೇ ಕೂರಿಸಿ, ಮೂರು ಫಿಲ್ಮ್ ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿತು. ಅದೇ ದಶಕದಲ್ಲಿ ಚಾರ್ಲಿ ಡಗ್ಲಾಸ್ ಎಂಬ ಸೌಂಡ್ ಎಂಜಿನಿಯರ್ ಗುಂಡಿ ಒತ್ತಿದರೆ ನಗು ಬರುವ ಪೆಟ್ಟಿಗೆಯನ್ನೇ ಕಟ್ಟಿದ. ಪೆಟ್ಟಿಗೆಯ ನಗು ನಮ್ಮ ಟಿ.ವಿ.ಗೂ ಬಂತು. ನಿಮಗೆ ನನ್ನ ಸಲಹೆ: ಅದನ್ನು ಮುಟ್ಟಬೇಡಿ. ಮೊಬೈಲಿನಲ್ಲಿ ಒಬ್ಬರೇ ಕುಳಿತು ನೋಡುವವರಿಗೆ ಆ ನಗು ಪಕ್ಕದ ಮನೆಯ ಜಗಳದ ಹಾಗೆ ಕೇಳಿಸುತ್ತದೆ.

ಉಳಿಯುವ ದಾರಿ ಒಂದೇ. ಆ ನಿಲುಗಡೆಯಲ್ಲಿ ಇನ್ನೊಂದು ಪಾತ್ರದ ಮುಖವನ್ನು ತೋರಿಸಿ. ಮನೆಯಲ್ಲಿ ಕುಳಿತ ಪ್ರೇಕ್ಷಕ ಆ ಮುಖದ ಮೂಲಕವೇ ನಗುತ್ತಾನೆ. ಕೆಲಸ ಆರಂಭಿಸುವ ಮೊದಲು ಒಂದು ಅಭ್ಯಾಸ ಮಾಡಿ: ರಾಜ್‌ಕುಮಾರ್ ಮತ್ತು ನರಸಿಂಹರಾಜು ಒಟ್ಟಿಗಿರುವ ಯಾವುದೇ ಹಳೆಯ ದೃಶ್ಯ ಹಾಕಿ, ಧ್ವನಿ ಪೂರ್ತಿ ಇಳಿಸಿ, ರಾಜ್‌ಕುಮಾರ್ ಮಾತನಾಡುವಾಗ ನರಸಿಂಹರಾಜು ಅವರನ್ನು ಮಾತ್ರ ನೋಡಿ. ಹತ್ತು ನಿಮಿಷ ಸಾಕು. ಇದರ ಮೇಲೆ ನಾನು ಹೇಳುವುದೆಲ್ಲ ಬರೀ ವಿವರ.

ಮನೆ ಮೊದಲು

ಹಾಸ್ಯ ಧಾರಾವಾಹಿಗೆ ಬೇಕಾದದ್ದು ಎದ್ದು ಹೋಗಲಾಗದ ಜನ. ಜಗಳವಾಡಿದ ಇಬ್ಬರು ಮರುದಿನ ಬೆಳಿಗ್ಗೆ ಒಂದೇ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಲ್ಲಲೇಬೇಕು. ವಠಾರ ಅದಕ್ಕೇ ಅನುಕೂಲ: ಒಂದು ನಲ್ಲಿ, ಒಂದು ಬಾವಿಕಟ್ಟೆ, ಮಾತು ದಾಟುವ ಗೋಡೆ. ಈಗ ವಠಾರಗಳು ಕಡಿಮೆ. ಪೇಯಿಂಗ್ ಗೆಸ್ಟ್ ಮನೆ, ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ, ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರ ಒಂದೇ ಬೋಗಿ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನ ಅಡುಗೆಮನೆ, ಯಾವುದಾದರೂ ಆಗಬಹುದು. ಪಾತ್ರಗಳಿಗೆ ಅಲ್ಲಿಂದ ಹೊರಡಲು ನೂರು ಕಾರಣವಿದ್ದು, ಹೊರಡಲಾಗದ ಒಂದು ಕಾರಣ ಗಟ್ಟಿಯಾಗಿರಬೇಕು.

1984ರಲ್ಲಿ ದೂರದರ್ಶನದಲ್ಲಿ ಬಂದ ಹಿಂದಿಯ ‘ಯೇ ಜೋ ಹೈ ಜಿಂದಗಿ’ ಇನ್ನೊಂದು ಒಳ್ಳೆಯ ದಾರಿ ತೋರಿಸಿತು. ಮನೆಯವರು ಕಾಯಂ, ಆದರೆ ಸತೀಶ್ ಶಾ ಪ್ರತಿ ಕಂತಿನಲ್ಲೂ ಬೇರೆ ಬೇರೆ ಪಾತ್ರವಾಗಿ ಬಂದು ಹೋಗುತ್ತಿದ್ದರು. ಒಬ್ಬ ಹೊರಗಿನವನು ಬಂದರೆ ಮನೆಯವರೆಲ್ಲ ಕೇಳುವವರಾಗುತ್ತಾರೆ, ಅಲ್ಲಿಗೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಖರ್ಚೂ ಕಡಿಮೆ: ಒಬ್ಬರ ಒಂದು ದಿನದ ಕಾಲ್‌ಶೀಟ್, ಒಂದು ಕಂತು.

ಪಾತ್ರಗಳನ್ನು ಮೂರು ಸಾಲಿಗಿಂತ ಹೆಚ್ಚು ವಿವರಿಸಬೇಡಿ. ಅವನಿಗೆ ಏನು ಬೇಕು, ಏನನ್ನು ಮುಚ್ಚಿಡುತ್ತಾನೆ, ಇನ್ನೊಬ್ಬರು ಮಾತನಾಡುವಾಗ ಏನು ಮಾಡುತ್ತಾನೆ. ಈ ಮೂರನೆಯದನ್ನು ಬರೆದು ತಂದವರನ್ನು ನಾನು ಇನ್ನೂ ನೋಡಿಲ್ಲ. ನಮ್ಮ ಕಂಡಕ್ಟರ್ ಪಾತ್ರ ಯಾರು ಏನೇ ಹೇಳಿದರೂ ಚಿಲ್ಲರೆ ಎಣಿಸುತ್ತಿತ್ತು. ನಿಜವಾಗಿ ಗಾಬರಿಯಾದಾಗ ಮಾತ್ರ ಎಣಿಕೆ ನಿಲ್ಲುತ್ತಿತ್ತು. ಆಮೇಲೆ ನಮಗೆ ಅವನಿಗಾಗಿ ಗಾಬರಿಯ ಮಾತು ಬರೆಯುವ ಅಗತ್ಯವೇ ಬೀಳಲಿಲ್ಲ. ಎಣಿಕೆ ನಿಲ್ಲಿಸಿದರೆ ಸಾಕಿತ್ತು.

ಪಾತ್ರಕ್ಕೊಂದು ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುವ ಮಾತು ಇರಲಿ ಎಂದು ವಾಹಿನಿಯವರು ಕೇಳುತ್ತಾರೆ, ಇಟ್ಟುಕೊಳ್ಳಿ. ಆದರೆ ಅದು ದಿನವೂ ಸ್ವಲ್ಪ ಬದಲಾಗುವಂತಿರಲಿ. ನಮ್ಮ ಮಂಡಿ ಗುಮಾಸ್ತ ಏನೇ ಮಾತು ಆರಂಭಿಸಿದರೂ ಮೊದಲು ಆ ದಿನದ ತಿಪಟೂರು ಕೊಬ್ಬರಿ ರೇಟು ಹೇಳುತ್ತಿದ್ದ. ಮಗಳ ನಿಶ್ಚಿತಾರ್ಥದಲ್ಲೂ ಹೇಳಿದ. ಕೆಲವು ವಾರಗಳಲ್ಲಿ ಅವನು ಬಾಯಿ ತೆರೆಯುವ ಮೊದಲೇ ಉಳಿದವರು ಕಣ್ಣು ಮುಚ್ಚಿಕೊಳ್ಳತೊಡಗಿದರು, ಆಮೇಲೆ ನಗು ಬಂದದ್ದೆಲ್ಲ ಆ ಮುಚ್ಚಿದ ಕಣ್ಣುಗಳಿಂದ.

ಬರೆಯುವುದು: ಒಂದು ದೃಶ್ಯ, ಎರಡು ಬಗೆ

ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಕೈಗೆ ಸಿಗುವುದು ಸುಮಾರು 22 ನಿಮಿಷ. ಇಂಟರ್ನೆಟ್ಟಿಗೆ ಮಾಡುವವರಿಗೆ ಆ ಕಟ್ಟಿಲ್ಲ. 12 ನಿಮಿಷ ಮಾಡಿ, ಯಾರೂ ಬೈಯುವುದಿಲ್ಲ. ಒಂದು ದೊಡ್ಡ ಗಂಟು, ಒಂದು ಸಣ್ಣ ಗಂಟು, ಕೊನೆಯ ದೃಶ್ಯದಲ್ಲಿ ಎರಡೂ ಒಂದಕ್ಕೊಂದು ತಗುಲಿಕೊಳ್ಳಬೇಕು. ಮೊದಲು ಇಡೀ ಕಂತಿನ ಒನ್‌ಲೈನ್ ಬರೆದು ಗೋಡೆಗೆ ಅಂಟಿಸಿ, ದೃಶ್ಯಕ್ಕೊಂದು ಸಾಲು. ಇದನ್ನೆಲ್ಲ ಯಾರು ಬೇಕಾದರೂ ಹೇಳಿಕೊಡುತ್ತಾರೆ, ನಾನು ಎಳೆಯುವುದಿಲ್ಲ. ದೃಶ್ಯದ ಒಳಗೆ ಹೋಗೋಣ.

ಸಂದರ್ಭ ಇದು. ವಠಾರದ ಯಜಮಾನರು ಬಾಡಿಗೆ ಏರಿಸಲು ಬಂದಿದ್ದಾರೆ. ಗುಮಾಸ್ತ ತಪ್ಪಿಸಿಕೊಳ್ಳಬೇಕು. ಅವನ ಹೆಂಡತಿ ಒಳಗೆ ಕಾಫಿ ಸೋಸುತ್ತಿದ್ದಾಳೆ. ಸಂಭಾಷಣೆಕಾರರು ಕೊಟ್ಟಿದ್ದ ಮೊದಲ ಬಗೆಯಲ್ಲಿ ಗುಮಾಸ್ತ ಯಜಮಾನರ ಜಿಪುಣತನದ ಬಗ್ಗೆ ಸಾಲು ಸಾಲು ಹಾಸ್ಯ ಹೊಡೆಯುತ್ತಿದ್ದ: ಇವರ ಮನೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳೂ ಅಳೆದು ತೂಗಿ ನಡೆಯುತ್ತದೆ, ಇತ್ಯಾದಿ. ಓದುವಾಗ ಯೂನಿಟ್ ನಕ್ಕಿತು. ಆದರೆ ಆ ಮಾತು ನಡೆಯುವಷ್ಟು ಹೊತ್ತೂ ಯಜಮಾನರಿಗೂ ಹೆಂಡತಿಗೂ ಕೆಲಸವಿಲ್ಲ. ಇಬ್ಬರು ನಟರು ಗೊಂಬೆಯಂತೆ ನಿಂತರೆ ಹಾಸ್ಯ ಹೇಳುವವನು ಗಾಳಿಗೆ ಗುದ್ದುತ್ತಾನೆ.

ಎರಡನೆಯ ಬಗೆ ಹೀಗಾಯಿತು. ಗುಮಾಸ್ತ ಕೊಬ್ಬರಿ ರೇಟು ಹೇಳಿದ ಮೇಲೆ ಯಜಮಾನರ ತೀರಿಹೋದ ತಂದೆಯನ್ನು ಹೊಗಳಲು ಶುರುಮಾಡುತ್ತಾನೆ.

‘ದೊಡ್ಡ ಯಜಮಾನರು ದೇವರಂಥವರು ಸ್ವಾಮಿ. ಬಾಡಿಗೆ ಕೇಳಲೆಂದೇ ಬರುತ್ತಿದ್ದರು. ನಮ್ಮವಳ ಕೈಯ ಕಾಫಿ ಕುಡಿಯುತ್ತಿದ್ದರು. ಬಂದದ್ದು ಯಾಕೆಂದು ಮರೆತು ಹೋಗಿಬಿಡುತ್ತಿದ್ದರು.’

ಈ ಹೊತ್ತಿಗೆ ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಿದ್ದಾಳೆ. ಯಜಮಾನರು ಲೋಟವನ್ನು ನೋಡುತ್ತಾರೆ. ಅವಳು ಲೋಟವನ್ನು ನೋಡುತ್ತಾಳೆ. ಯಾರೂ ಮಾತನಾಡುವುದಿಲ್ಲ.

‘ನನಗೆ ಕಾಫಿ ಬೇಡ ತಾಯಿ’ ಎನ್ನುತ್ತಾರೆ ಯಜಮಾನರು.

ಆಮೇಲೆ ಅವರು ನೀರಿನ ಬಿಲ್ಲು, ಕಂದಾಯ, ಸುಣ್ಣದ ಖರ್ಚು ಎಂದು ಹೇಳುತ್ತ ಹೋಗುತ್ತಾರೆ. ಪ್ರತಿ ಲೆಕ್ಕಕ್ಕೂ ಅವಳು ಲೋಟವನ್ನು ಒಂದಿಂಚು ಮುಂದೆ ತರುತ್ತಾಳೆ. ಹಬೆ ಯಜಮಾನರ ಮೂಗಿಗೆ ತಾಗುವಷ್ಟು ಹತ್ತಿರವಾದಾಗ ಅವರ ಲೆಕ್ಕ ತಪ್ಪುತ್ತದೆ. ಇಡೀ ದೃಶ್ಯದಲ್ಲಿ ಹಾಸ್ಯದ ಮಾತು ಎಂದು ಬೆರಳಿಟ್ಟು ತೋರಿಸುವುದು ಒಂದೂ ಇಲ್ಲ. ಹೆಂಡತಿಗೆ ಮಾತೇ ಇಲ್ಲ, ದೃಶ್ಯ ಅವಳದು. ಅದು ಪ್ರಸಾರವಾದ ಮೇಲೆ ಮಂಡಿಪೇಟೆಯಲ್ಲಿ ತರಕಾರಿ ಕೊಳ್ಳಲು ಹೋದ ಆ ನಟಿಗೆ ಅಂಗಡಿಯವರೆಲ್ಲ ಕಾಫಿ ಬೇಕೇ ಎಂದು ಕೇಳುತ್ತಿದ್ದರು.

ನಿಮ್ಮ ಸ್ಕ್ರಿಪ್ಟನ್ನು ಪರೀಕ್ಷಿಸುವ ಸುಲಭದ ಬಗೆ: ಪುಟದ ಎಡಕ್ಕೆ ಮಾತು, ಬಲಕ್ಕೆ ಆ ಮಾತು ಕೇಳುವವರು ಏನು ಮಾಡುತ್ತಿದ್ದಾರೆ ಎಂದು ಬರೆಯಿರಿ. ಬಲಭಾಗ ಖಾಲಿ ಉಳಿದ ಕಡೆ ಎಡಭಾಗದ ಮಾತು ಎಷ್ಟೇ ಚೆನ್ನಾಗಿರಲಿ, ಹೊಡೆದುಹಾಕಿ. ಬಣ್ಣ, ದಪ್ಪ, ತೊದಲು, ಜಾತಿಯ ಮೇಲಿನ ಹಾಸ್ಯಗಳು ಈ ಪರೀಕ್ಷೆಯಲ್ಲಿ ತಾವಾಗಿಯೇ ಬಿದ್ದುಹೋಗುತ್ತವೆ, ಏಕೆಂದರೆ ಕೇಳುವವನಿಗೆ ಅಲ್ಲಿ ತಲೆ ತಗ್ಗಿಸುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಊರಲ್ಲೇ ಮಾಡುವವರಿಗೆ ಇನ್ನೊಂದು ಕಾರಣವೂ ಇದೆ: ನೀವು ನಾಳೆ ಅದೇ ಬಸ್ಸಿನಲ್ಲಿ ಹೋಗಬೇಕು.

ನಟರನ್ನು ಆರಿಸುವುದು

ಆಡಿಷನ್ ಎಂದರೆ ಎಲ್ಲರೂ ಒಂದು ಮಾತು ಕೊಟ್ಟು ಹೇಳಿಸುತ್ತಾರೆ. ನೀವು ಮಾತು ಕೊಡಬೇಡಿ. ನಟರನ್ನು ಕುರ್ಚಿಯಲ್ಲಿ ಕೂರಿಸಿ, ನೀವೇ ಒಂದು ಉದ್ದನೆಯ ಬೇಸರದ ಕಥೆ ಹೇಳಿ: ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ ಕಥೆಯಾದರೂ ಸರಿ. ಮೊಬೈಲಿನಲ್ಲಿ ಅವರ ಮುಖ ಚಿತ್ರೀಕರಿಸಿಕೊಳ್ಳಿ. ಕೆಲವರು ತಮ್ಮ ಸರದಿಗೆ ಕಾಯುತ್ತಾರೆ, ಅದು ಕಣ್ಣಲ್ಲಿ ಕಾಣುತ್ತದೆ. ಕೆಲವರು ಪ್ರತಿ ಸಾಲಿಗೂ ಹುಬ್ಬು ಕುಣಿಸುತ್ತಾರೆ. ಅವರನ್ನು ದೂರವಿಡಿ, ಒಂದು ಫ್ರೇಮಿನಲ್ಲಿ ಇಬ್ಬರು ಹುಬ್ಬು ಕುಣಿಸಿದರೆ ದೃಶ್ಯ ಸತ್ತಂತೆ. ನಿಜವಾಗಿ ಕೇಳುತ್ತ, ಕೇಳಿದ್ದನ್ನು ಮುಚ್ಚಿಡಲು ಪ್ರಯತ್ನಿಸುವವರು ನಿಮಗೆ ಬೇಕಾದವರು. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಾಟಕವಾದಾಗ ಹೋಗಿ ಕೂತರೆ ಇಂಥವರು ಸಿಗುತ್ತಾರೆ. ಆದರೆ ಮಾತನಾಡುವವರನ್ನು ನೋಡಬೇಡಿ, ಹಿಂದೆ ನಿಂತ ಸೇವಕನ ಪಾತ್ರವನ್ನು ನೋಡಿ.

ಶೂಟಿಂಗ್

ಪ್ರಾಂಪ್ಟಿಂಗ್ ಬೇಡ. ಇದು ನನ್ನ ಹಟ. ನಮ್ಮ ಧಾರಾವಾಹಿ ಲೋಕದಲ್ಲಿ ಸಹಾಯಕ ನಿರ್ದೇಶಕ ಕ್ಯಾಮೆರಾದ ಪಕ್ಕದಲ್ಲಿ ನಿಂತು ಸಾಲು ಕೂಗುವುದು, ನಟ ಅದನ್ನು ಹಿಂದೆಯೇ ಹೇಳುವುದು ಸಾಮಾನ್ಯ. ದಿನಕ್ಕೊಂದು ಕಂತು ಮುಗಿಸಬೇಕಾದವರಿಗೆ ಬೇರೆ ದಾರಿಯಿಲ್ಲ ಎನ್ನುತ್ತಾರೆ. ಕಣ್ಣೀರಿನ ಕಥೆಗೆ ನಡೆದೀತು. ಹಾಸ್ಯದಲ್ಲಿ ಹಾಗೆ ಮಾಡಿದರೆ ಎದುರಿನವನು ಮಾತನ್ನು ಎರಡು ಸಲ ಕೇಳಿಸಿಕೊಳ್ಳುತ್ತಾನೆ. ಅವನ ಮುಖ ಮೊದಲ ಸಲಕ್ಕೇ ಕೆಲಸ ಮುಗಿಸಿರುತ್ತದೆ. ಹಿಂದಿನ ಸಂಜೆ ಎಲ್ಲರನ್ನೂ ಕೂರಿಸಿ ಮಾತು ಬಾಯಿಪಾಠ ಮಾಡಿಸಿ. ಮರೆತರೆ ಅರ್ಥ ಬಂದಂತೆ ಹೇಳಲಿ, ಪರವಾಗಿಲ್ಲ. ನಾಟಕದಲ್ಲಿ ವರ್ಷಾನುಗಟ್ಟಲೆ ಮಾತು ಎತ್ತಿಕೊಟ್ಟವಳೇ ಇದನ್ನು ಹೇಳುತ್ತಿದ್ದೇನೆ ಎಂಬುದನ್ನು ಗಮನಿಸಿ.

ಒಂದೇ ಕ್ಯಾಮೆರಾ ಇದ್ದರೆ ರೂಢಿಯ ಕ್ರಮ ಮೊದಲು ಇಡೀ ದೃಶ್ಯವನ್ನು ಒಟ್ಟಿಗೆ ಹಿಡಿಯುವ ಮಾಸ್ಟರ್ ಶಾಟ್, ಆಮೇಲೆ ಹೆಗಲ ಮೇಲಿನಿಂದ ತೆಗೆಯುವ ಸಜೆಷನ್, ಆಮೇಲೆ ಮಾತನಾಡುವವರ ಕ್ಲೋಸಪ್, ಕಟ್ಟಕಡೆಗೆ ಬೆಳಕಿದ್ದರೆ ರಿಯಾಕ್ಷನ್, ಎಂದರೆ ಕೇಳುವವರ ಮುಖ. ಈ ಕ್ರಮವನ್ನು ತಲೆಕೆಳಗು ಮಾಡಿ. ಮಾಸ್ಟರ್ ಆದ ಕೂಡಲೇ ಕೇಳುವವರ ಕ್ಲೋಸಪ್ ತೆಗೆಯಿರಿ, ಹಾಸ್ಯ ಇನ್ನೂ ಹಳತಾಗುವ ಮೊದಲು. ಆ ಹೊತ್ತಿನಲ್ಲಿ ಮಾತು ಹೇಳುವ ನಟ ಚಹಾ ಕುಡಿಯಲು ಹೋಗಬಾರದು. ಕ್ಯಾಮೆರಾದ ಪಕ್ಕದಲ್ಲೇ ನಿಂತು, ಅದೇ ಜೋರಿನಲ್ಲಿ, ಎದುರಿನವರ ಕಣ್ಣು ನೋಡಿ ಹೇಳಬೇಕು. ಮೇಷ್ಟ್ರು ಇದನ್ನು ಎಂದೂ ತಪ್ಪಿಸಲಿಲ್ಲ. ಒಮ್ಮೊಮ್ಮೆ ಬೇಕೆಂದೇ ಒಂದು ಪದ ಬದಲಿಸಿ ಹೇಳುತ್ತಿದ್ದರು, ಎದುರಿನ ಹುಡುಗಿಯ ಮುಖದಲ್ಲಿ ಹೊಸ ಆಶ್ಚರ್ಯ ಹುಟ್ಟಲಿ ಎಂದು.

ಎರಡು ಕ್ಯಾಮೆರಾ, ಅಥವಾ ಒಂದೇ ಮಾದರಿಯ ಎರಡು ಮೊಬೈಲ್ ಇದ್ದರೆ ನೀವು ಭಾಗ್ಯವಂತರು. ಎರಡನೆಯದನ್ನು ಸದಾ ಕೇಳುವವರ ಮೇಲೆ ಇಡಿ. ‘ಐ ಲವ್ ಲೂಸಿ’ಯ ಮೂರು ಕ್ಯಾಮೆರಾಗಳ ವ್ಯವಸ್ಥೆ ನೋಡಿಕೊಂಡ ಛಾಯಾಗ್ರಾಹಕ ಕಾರ್ಲ್ ಫ್ರಾಯಂಡ್ ಜರ್ಮನಿಯ ಮೂಕಿ ಚಿತ್ರಗಳಿಂದ ಬಂದವರು. ಮಾತಿಲ್ಲದ ಮುಖವನ್ನು ಓದಲು ಕಲಿತವರ ಕೈಗೆ ನಗಿಸುವ ಕೆಲಸ ಸಿಕ್ಕಿದ್ದು ನನಗಂತೂ ಆಕಸ್ಮಿಕ ಎನಿಸುವುದಿಲ್ಲ. ಅವರು ಬೆಳಕನ್ನು ಇಡೀ ಕೋಣೆಗೆ ಹರಡಿದರು, ಮೂರೂ ಕ್ಯಾಮೆರಾಗಳಿಗೆ ಒಂದೇ ಬೆಳಕು ಹೊಂದುವಂತೆ. ನೀವೂ ಹಾಗೇ ಮಾಡಿ. ಲೈಟನ್ನು ಬಿಳಿ ಥರ್ಮೊಕೋಲಿಗೆ ಹೊಡೆಸಿ ಹರಡಿ. ಒಬ್ಬೊಬ್ಬರ ಮುಖಕ್ಕೆ ಪ್ರತ್ಯೇಕ ಬೆಳಕು ಕಟ್ಟಿದರೆ ನಟರು ಅಲುಗಾಡಲು ಹೆದರುತ್ತಾರೆ.

ಮನೆಯ ವಿಷಯ. ಹಳೆಯ ಹೆಂಚಿನ ಮನೆಯಾದರೆ ಮೇಲಿನ ಗಾಜಿನ ಹೆಂಚನ್ನು ಮೊದಲ ದಿನವೇ ಮುಚ್ಚಿಸಿ. ಅದರಿಂದ ಬೀಳುವ ಬಿಸಿಲಿನ ಚೌಕ ಕೆಂಪು ಗಾರೆಯ ನೆಲದ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯುತ್ತಿರುತ್ತದೆ. ನೋಡಲು ಚೆಂದ, ಎರಡು ಶಾಟ್ ಜೋಡಿಸಿದಾಗ ಬಿಸಿಲು ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ಗೋಡೆ ಗಡಿಯಾರದ ಸೆಲ್ ತೆಗೆದುಬಿಡಿ. ದಿನದ ಹಾಳೆ ಹರಿಯುವ ಕ್ಯಾಲೆಂಡರ್ ಇದ್ದರೆ ಅದರ ಜಾಗದಲ್ಲಿ ದೇವರ ಪಟ ತೂಗುಹಾಕಿ. ಲೋಟದಲ್ಲಿ ಕಾಫಿ ಕಾಣದಿದ್ದರೂ ನೀರು ತುಂಬಿ ಕೊಡಿ. ಖಾಲಿ ಲೋಟ ಹಿಡಿದ ಕೈ ಖಾಲಿ ಎಂದೇ ಹೇಳುತ್ತದೆ. ಹಬೆ ಬೇಕಾದ ಶಾಟಿಗೆ ಮಾತ್ರ ಕುದಿಯುವ ಕಾಫಿ. ತಿನ್ನುವ ದೃಶ್ಯದಲ್ಲಿ ತಟ್ಟೆ ಇಡ್ಲಿ ಬೇಡ. ಮೂರನೆಯ ಟೇಕಿಗೆ ಅಂಚು ಒಣಗುತ್ತದೆ, ಚಟ್ನಿ ಕಪ್ಪಾಗುತ್ತದೆ, ನಟನ ಹೊಟ್ಟೆ ತುಂಬಿ ಕಣ್ಣು ಎಳೆಯುತ್ತದೆ. ಅವಲಕ್ಕಿ ಕೊಡಿ, ಒಂದೊಂದೇ ಚಮಚ. ಪ್ರತಿ ಶಾಟಿನ ಕೊನೆಯಲ್ಲಿ ಮೊಬೈಲಿನಲ್ಲಿ ಒಂದು ಫೋಟೊ: ಸೆರಗು ಯಾವ ಹೆಗಲ ಮೇಲಿದೆ, ಬಾಗಿಲು ಎಷ್ಟು ತೆರೆದಿದೆ. ನಮ್ಮ ಕಾಲದಲ್ಲಿ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಇಡುತ್ತಿದ್ದೆ.

ಸದ್ದಿನ ಬಗ್ಗೆ ಒಂದು ಕಡ್ಡಾಯದ ಕೆಲಸವಿದೆ. ಶೂಟಿಂಗಿಗೆ ಮೊದಲು ಒಂದು ಇಡೀ ದಿನ ಆ ಮನೆಯಲ್ಲಿ ಕುಳಿತು ಬೀದಿಯ ಸದ್ದಿನ ವೇಳಾಪಟ್ಟಿ ಬರೆಯಿರಿ. ನಲ್ಲಿ ನೀರು ಬರುವ ಹೊತ್ತು, ಶಾಲೆಯ ಗಂಟೆ, ದೇವಸ್ಥಾನದ ಮಂಗಳಾರತಿ, ಮಸೀದಿಯ ಆಜಾನ್, ರೆಕಾರ್ಡ್ ಮಾಡಿದ ಕೂಗಿನೊಂದಿಗೆ ಬರುವ ಈರುಳ್ಳಿ ಟೆಂಪೊ, ಪಕ್ಕದ ಮನೆಯ ಮಿಕ್ಸಿ. ಬಿ.ಎಚ್. ರಸ್ತೆಯ ಹತ್ತಿರವಾದರೆ ಲಾರಿಗಳಿಗೆ ವೇಳೆಯಿಲ್ಲ, ಆ ಮನೆ ಬಿಡಿ. ಈ ಪಟ್ಟಿಯನ್ನು ಒನ್‌ಲೈನಿನ ಪಕ್ಕದಲ್ಲಿ ಅಂಟಿಸಿ, ಸದ್ದಿರುವ ಹೊತ್ತಿಗೆ ಮಾತಿಲ್ಲದ ಶಾಟುಗಳನ್ನು ಇಟ್ಟುಕೊಳ್ಳಿ: ಕೈ, ಲೋಟ, ಬಾಗಿಲು, ಮತ್ತು ಕೇಳುವವರ ಮುಖ. ಪಕ್ಕದ ಮನೆಯವರಿಗೆ ಮೊದಲೇ ಹೋಗಿ ಹೇಳಿ, ಸಾಧ್ಯವಾದರೆ ಅವರ ಮನೆಯ ಅಜ್ಜಿಯನ್ನು ಒಂದು ದೃಶ್ಯದಲ್ಲಿ ನಿಲ್ಲಿಸಿ. ಆಮೇಲೆ ಮಿಕ್ಸಿಯ ಹೊಣೆ ಅಜ್ಜಿಯದು. ದಿನದ ಕೊನೆಗೆ ಎಲ್ಲರನ್ನೂ ಸುಮ್ಮನಿರಿಸಿ ಖಾಲಿ ಕೋಣೆಯ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗಿನಲ್ಲಿ ಮೌನ ಬೇಕಾದ ಕಡೆ ಅದನ್ನೇ ಹಾಸಬೇಕು, ಇಲ್ಲದಿದ್ದರೆ ಮೌನ ಬಂದಾಗಲೆಲ್ಲ ಟಿ.ವಿ. ಕೆಟ್ಟಿತೆಂದು ನೋಡುವವರು ರಿಮೋಟ್ ಬಡಿಯುತ್ತಾರೆ.

ಕರೆಂಟ್ ಹೋಗುತ್ತದೆ ಎಂದುಕೊಂಡೇ ಯೋಜನೆ ಮಾಡಿ. ಜನರೇಟರ್ ತಂದರೆ ಉದ್ದನೆಯ ಕೇಬಲ್ ಹಾಕಿ ಎರಡು ಮನೆ ಆಚೆ ಇಡಿ. ಮನೆಯ ಮೀಟರಿನ ರೀಡಿಂಗನ್ನು ಮಾಲೀಕರ ಎದುರಿಗೇ ಬರೆದುಕೊಂಡು ಇಬ್ಬರೂ ಸಹಿ ಹಾಕಿ.

ಎಡಿಟಿಂಗ್

ನಮ್ಮ ಟಿ.ವಿ.ಯಲ್ಲಿ ಒಂದು ಸೆಕೆಂಡಿಗೆ 25 ಫ್ರೇಮ್, ಎಂದರೆ 25 ಬಿಡಿ ಚಿತ್ರ. 22 ನಿಮಿಷದ ಕಂತಿನಲ್ಲಿ 33,000. ಹಾಸ್ಯ ಉಳಿಯುವುದು ಸಾಯುವುದು ಅವುಗಳಲ್ಲಿ ಐದಾರು ಫ್ರೇಮುಗಳ ಲೆಕ್ಕದಲ್ಲಿ. ಹೊಸಬರು ಮಾತು ಮುಗಿದ ಮೇಲೆ ಕಟ್ ಮಾಡಿ ಕೇಳುವವರ ಮುಖ ತೋರಿಸುತ್ತಾರೆ. ಆಗ ಆ ಮುಖ ಉತ್ತರ ಕೊಡುತ್ತಿರುವಂತೆ ಕಾಣುತ್ತದೆ. ಮಾತಿನ ಕೊನೆಯ ಎರಡು ಪದ ಬಾಕಿ ಇರುವಾಗಲೇ ಮುಖಕ್ಕೆ ಹೋಗಿ, ಧ್ವನಿ ಹಿಂದಿನಿಂದ ಬರಲಿ. ಪ್ರೇಕ್ಷಕ ಆ ಪಾತ್ರದ ಜೊತೆಯಲ್ಲೇ ಮಾತು ಕೇಳಿಸಿಕೊಳ್ಳುತ್ತಾನೆ. ಕಾಫಿಯ ದೃಶ್ಯದಲ್ಲಿ ‘ಮರೆತು ಹೋಗಿಬಿಡುತ್ತಿದ್ದರು’ ಎಂಬ ಮಾತು ಕೇಳುವಾಗ ಪರದೆಯ ಮೇಲೆ ಗುಮಾಸ್ತ ಇರಲಿಲ್ಲ, ಬಾಗಿಲಲ್ಲಿ ನಿಂತ ಹೆಂಡತಿ ಇದ್ದಳು.

ಆ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು? ಇದಕ್ಕೆ ನಿಯಮವಿಲ್ಲ, ಜನ ಬೇಕು. ಅಮೆರಿಕದ ಹಾಸ್ಯನಟರಾದ ಮಾರ್ಕ್ಸ್ ಸಹೋದರರು 1930ರ ದಶಕದಲ್ಲಿ ಸಿನಿಮಾ ಚಿತ್ರೀಕರಿಸುವ ಮೊದಲು ಅದರ ದೃಶ್ಯಗಳನ್ನು ಊರೂರ ರಂಗಮಂದಿರಗಳಲ್ಲಿ ಆಡಿ, ಎಲ್ಲಿ ಎಷ್ಟು ಹೊತ್ತು ನಗು ಬರುತ್ತದೆಂದು ಅಳೆದುಕೊಂಡಿದ್ದರು. ಅಷ್ಟು ಮಾಡಲಾಗದವರು ಒರಟು ಎಡಿಟನ್ನು ಬಡಾವಣೆಯ ಯಾವುದಾದರೂ ಮನೆಯ ಹಾಲಿನಲ್ಲಿ ಹತ್ತು ಜನರಿಗೆ ತೋರಿಸಿ. ಗೆಳೆಯರು ಬೇಡ, ಅವರು ನಿಮ್ಮನ್ನು ನೋಡಿ ನಗುತ್ತಾರೆ. ನೀವು ಟಿ.ವಿ.ಗೆ ಬೆನ್ನು ಮಾಡಿ ಕುಳಿತು ನೋಡುವವರನ್ನು ನೋಡಿ, ಎಲ್ಲಿ ಮೈ ಅಲುಗಿತು, ಎಲ್ಲಿ ಮೊಬೈಲ್ ತೆಗೆದರು ಎಂದು ಗುರುತು ಹಾಕಿಕೊಳ್ಳಿ. ನಕ್ಕ ಕಡೆ ಹತ್ತು ಫ್ರೇಮ್ ಸೇರಿಸಿ, ಮೊಬೈಲ್ ತೆಗೆದ ಕಡೆ ಅದಕ್ಕಿಂತ ಹಿಂದಿನ ದೃಶ್ಯವನ್ನು ಕತ್ತರಿಸಿ. ಬೇಸರ ಹುಟ್ಟುವುದು ಯಾವಾಗಲೂ ಸ್ವಲ್ಪ ಮೊದಲೇ.

ಹಿನ್ನೆಲೆಗೆ ಸಿನಿಮಾ ಹಾಡಿನ ತುಣುಕು ಹಾಕಬೇಡಿ, ಹಕ್ಕಿನವರು ಕಂತನ್ನೇ ಕೆಳಗಿಳಿಸುತ್ತಾರೆ. ಹಾರ್ಮೋನಿಯಂ ಬಲ್ಲವರೊಬ್ಬರನ್ನು ಕೂರಿಸಿ ಸಣ್ಣ ಸಣ್ಣ ಸ್ವರಗಳನ್ನು ನುಡಿಸಿಕೊಳ್ಳಿ. ಮುಖದ ಮೇಲೆ ನಿಂತಾಗ ಅದೂ ಬೇಡ. ‘ಟೊಂಯ್’ ಎನ್ನುವ ಸದ್ದು ಹಾಕಿದ ಎಡಿಟರನ್ನು ನಮ್ಮ ನಿರ್ದೇಶಕರು ಊಟಕ್ಕೆ ಕರೆಯುತ್ತಿರಲಿಲ್ಲ.

ಪ್ರಸಾರಕ್ಕೆ ಮುಂಚೆ

ಐದಾರು ಕಂತು ಮುಗಿಸಿ ಕೈಯಲ್ಲಿ ಇಟ್ಟುಕೊಳ್ಳದೆ ಮೊದಲನೆಯದನ್ನು ಹೊರಗೆ ಬಿಡಬೇಡಿ. ನಟರಿಗೆ ಜ್ವರ ಬರುತ್ತದೆ, ಮನೆ ಮಾಲೀಕರ ಮಗಳಿಗೆ ಮದುವೆ ಗೊತ್ತಾಗುತ್ತದೆ. ಒಪ್ಪಂದದಲ್ಲಿ ಯಾರ ಹಣ, ಯಾರ ಹಕ್ಕು ಎಂಬುದರ ಜೊತೆಗೆ ಇನ್ನೊಂದು ಸಾಲು ಸೇರಿಸಿ: ಮುಗಿದ ಪ್ರತಿ ಕಂತಿನ ಒಂದು ಪ್ರತಿ ತಂಡದ ಬಳಿ ಉಳಿಯತಕ್ಕದ್ದು. ನಮ್ಮ ಕಾಲದಲ್ಲಿ ಕಂತು ಬೀಟಾ ಕ್ಯಾಸೆಟ್ಟಿನಲ್ಲಿ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುತ್ತಿತ್ತು, ಆ ಸಾಲು ಒಪ್ಪಂದದಲ್ಲಿ ಇರಲಿಲ್ಲ. ಕ್ಯಾಸೆಟ್ ದುಬಾರಿ, ವಾಹಿನಿಯವರು ಅದರ ಮೇಲೆಯೇ ಬೇರೆ ಕಾರ್ಯಕ್ರಮ ತುಂಬಿದರು. ಕಾಫಿಯ ದೃಶ್ಯವನ್ನು ನಾನು ಇಲ್ಲಿ ಬರೆದು ಹೇಳಬೇಕಾಗಿ ಬಂದದ್ದು ಅದಕ್ಕೇ.

ಈಗ ಹಾರ್ಡ್ ಡಿಸ್ಕ್ ಅಗ್ಗ. ಎರಡು ಕೊಳ್ಳಿ, ಎರಡು ಬೇರೆ ಮನೆಗಳಲ್ಲಿ ಇಡಿ. ಮುಗಿದ ಕಂತನ್ನು ಮಾತ್ರವಲ್ಲ, ಬಳಸದೆ ಉಳಿದ ರಿಯಾಕ್ಷನ್ ಶಾಟುಗಳನ್ನೂ ಪಾತ್ರದ ಹೆಸರು ಬರೆದು ಬೇರೆ ಫೋಲ್ಡರಿನಲ್ಲಿ ಹಾಕಿಡಿ. ಯಾವುದೋ ಕಂತಿನಲ್ಲಿ ಒಬ್ಬರು ಬರದೆ ಕೈಕೊಟ್ಟಾಗ, ಅದೇ ಸೀರೆಯ ಹಳೆಯ ಮುಖವೊಂದು ದೃಶ್ಯವನ್ನು ದಾಟಿಸುತ್ತದೆ. ಹಾಗಾಗಿ ಸೀರೆಗಳನ್ನೂ ಹಿಂದಿರುಗಿಸಬೇಡಿ, ಧಾರಾವಾಹಿ ಮುಗಿಯುವವರೆಗೆ ಬಾಡಿಗೆಗೆ ಇಟ್ಟುಕೊಳ್ಳಿ.